ಕೈಕೆಲಸದ ಅವಧಿ ಮತ್ತು ಬಿದಿರಿನ ಬಿಲ್ಲು



ಪ್ರೌಢಶಾಲೆಗಳಲ್ಲಿ ಕೈಕೆಲಸದ ಅವಧಿಯು ವೇಳಾಪಟ್ಟಿಯ ಹಾಳೆಯಲ್ಲಿ ಮಾತ್ರ ಉಳಿದು, ಆ ಗಂಟೆಯನ್ನು ಗಣಿತವೋ ವಿಜ್ಞಾನವೋ ನುಂಗುತ್ತಿರುವುದು ಅನ್ಯಾಯವೆಂದು ನಾನು ಹೇಳಿದಾಗಲೆಲ್ಲ ನಿಮ್ಮಲ್ಲಿ ಹಲವರು ನಕ್ಕಿದ್ದೀರಿ. "ಮೇಷ್ಟ್ರೇ, ಬಿಲ್ಲು ಮಾಡಲು ಕಲಿತು ಮಕ್ಕಳು ಯಾವ ಕಾಡಿಗೆ ಹೋಗಬೇಕು?" ಎಂದು ಕೇಳಿದವರೂ ಉಂಟು. ಅದಕ್ಕೆ ಉತ್ತರವೇ ಈ ಲೇಖನ.

ನಮ್ಮ ವಿಜಯಪುರ ರೇಷ್ಮೆಯ ಊರು. ಹುಳುಗಳು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯೇ ಆಧಾರವಾಗಿದ್ದ ಕಾಲದಲ್ಲಿ ಬಿದಿರು ಸೀಳುವುದನ್ನು ನೋಡದ ಮಕ್ಕಳು ಇಲ್ಲಿ ವಿರಳ. ಈಗ ಪ್ಲಾಸ್ಟಿಕ್ಕಿನ ನೇತ್ರಿಕೆಗಳೂ ಬಂದಿವೆ. ಅದಕ್ಕೆ ನನ್ನ ತಕರಾರಿಲ್ಲ. ನಾನು ಸೇವೆಯಲ್ಲಿದ್ದಾಗ ಚಂದ್ರಿಕೆ ಹೆಣೆಯುವವರಲ್ಲಿ ಬಿದಿರು ಬೇಡಿ ತಂದು ಮಕ್ಕಳಿಂದ ಬಿಲ್ಲು ಮಾಡಿಸುತ್ತಿದ್ದೆ. ಅದೇಕೆಂಬುದನ್ನು ವಿವರಿಸುತ್ತೇನೆ.

ಬಿದಿರಿನ ಸೀಳಿಗೆ ದಾರ ಕಟ್ಟಿದ ಮಾತ್ರಕ್ಕೆ ಅದು ಬಿಲ್ಲಾಗದು. ಹಿಡಿಯ ಮೇಲಿನ ತೋಳೂ ಕೆಳಗಿನ ತೋಳೂ ಸಮನಾಗಿ ಬಾಗಬೇಕು. ಬಿದಿರಿನ ಹೊರಮೈಯಲ್ಲಿ ನಾರು ದಟ್ಟವಾಗಿರುವುದರಿಂದ, ಎಳೆತವನ್ನು ತಾಳುವ ಬೆನ್ನಿನ ಕಡೆ ಅದನ್ನು ಹಾಗೆಯೇ ಉಳಿಸಿ ಒಳಮೈಯನ್ನು ಮಾತ್ರ ಹೆರೆಯಬೇಕು. ಮೊದಲು ಉದ್ದನೆಯ ಸಡಿಲ ಹೆದೆ ಕಟ್ಟಿ, ಹಿಡಿಯನ್ನು ಗೋಡೆಯ ಗೂಟಕ್ಕೆ ಆನಿಸಿ, ಒಬ್ಬರು ಹೆದೆಯನ್ನು ಕೆಲವೇ ಅಂಗುಲ ಎಳೆಯಬೇಕು. ಮತ್ತೊಬ್ಬರು ದೂರ ನಿಂತು ನೋಡಬೇಕು. ಬಾಗದೆ ಸೆಟೆದು ನಿಂತ ಕಡೆ ಸೀಸದಕಡ್ಡಿಯಿಂದ ಗುರುತು ಹಾಕಿ ಅಲ್ಲಿ ಮಾತ್ರ ಹೆರೆಯಬೇಕು. ಅತಿಯಾಗಿ ಬಾಗುವ ದುರ್ಬಲ ಜಾಗವನ್ನು ಮುಟ್ಟಲೇಕೂಡದು. ಹೆರೆದ ಮೇಲೆ ಇಪ್ಪತ್ತು ಸಲ ಮೆಲ್ಲಗೆ ಎಳೆದು ಬಿಟ್ಟು ಮತ್ತೆ ನೋಡಬೇಕು. ಎರಡೂ ತೋಳುಗಳು ಸಮನಾಗುವ ತನಕ ಇನ್ನೊಂದಂಗುಲ ಹೆಚ್ಚಿಗೆ ಎಳೆಯಬಾರದು. ಆತುರಪಟ್ಟು ಎಳೆದರೆ ದುರ್ಬಲ ಜಾಗವೇ ಭಾರವನ್ನೆಲ್ಲ ಹೊತ್ತು, ಅಲ್ಲಿಯೇ ಮುರಿಯುತ್ತದೆ.

ಇದರಲ್ಲಿ ಗಣಿತವಿಲ್ಲವೇ? ಚಪ್ಪಟೆ ಸೀಳಿನ ಬಿಗುವು ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪವನ್ನು ಶೇಕಡಾ 10ರಷ್ಟು ಹೆರೆದರೆ ಬಿಗುವು ಶೇಕಡಾ 27ರಷ್ಟು ಇಳಿಯುತ್ತದೆ. ಅಗಲವನ್ನು ಅಷ್ಟೇ ತೆಗೆದರೆ ಇಳಿಯುವುದು ಶೇಕಡಾ 10 ಮಾತ್ರ. ಕರಿಹಲಗೆಯ ಮೇಲೆ ವರ್ಷವಿಡೀ ಬರೆದರೂ ತಲೆಗೆ ಹತ್ತದ 'ಘನ', ಒಂದೆರಡು ಸಲ ಹೆಚ್ಚಾಗಿ ಹೆರೆದು ಬಿಲ್ಲು ಕೆಡಿಸಿಕೊಂಡ ವಿದ್ಯಾರ್ಥಿಗೆ ಜನ್ಮದಲ್ಲಿ ಮರೆಯದು. ಹೆರೆದದ್ದನ್ನು ಮರಳಿ ಅಂಟಿಸಲಾಗದಷ್ಟೆ!

ಇನ್ನು ಅಂಕಗಳ ವಿಚಾರ. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ 20 ಆಂತರಿಕ ಅಂಕಗಳಿವೆ. ಅವುಗಳ ಸಲುವಾಗಿ ಅಂಗಡಿಯಿಂದ ಥರ್ಮಕೋಲಿನ ಜ್ವಾಲಾಮುಖಿಯನ್ನು ಕೊಂಡು ತರುವ ಪೋಷಕರನ್ನು ಕಣ್ಣಾರೆ ಕಂಡಿದ್ದೇನೆ. ಮಗುವಿನ ಕೈ ಸೋಕದ ವಸ್ತುವಿಗೆ ಪೂರ್ಣ ಅಂಕ! ಬಿಲ್ಲಿಗಾದರೆ ಪರೀಕ್ಷಕರೇ ಬೇಡ. ಹೆದೆ ಎಳೆದರೆ ಅದೇ ತನ್ನ ತೀರ್ಪು ಹೇಳುತ್ತದೆ.

ಆರನೆಯ ತರಗತಿಯಿಂದಲೇ ಐಐಟಿ ತರಬೇತಿಗೆ ಸೇರಿಸುವವರು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ನನಗೇ ಗಾದೆ ಹೇಳುತ್ತಾರೆ. ಬಿಲ್ಲು ಮಾಡಿದವರು ಈ ಗಾದೆಯನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಹಸಿ ಬಿದಿರು ಬೇಗ ಬಗ್ಗುತ್ತದೆ, ನಿಜ. ಆದರೆ ಹೆದೆ ಬಿಚ್ಚಿದ ಮೇಲೂ ಬಗ್ಗಿಯೇ ಉಳಿಯುತ್ತದೆ. ಬಾಣವನ್ನು ದೂಡುವ ಕಸುವು ಅದಕ್ಕಿರದು. ಬಲಿತು, ನೆರಳಿನಲ್ಲಿ ಒಣಗಿದ ಬಿದಿರೇ ಬಾಗಿ ಮರಳುತ್ತದೆ. ಗಣಿತದಲ್ಲಿ ಸೋತ ಮಗುವಿಗೆ ಇನ್ನೆರಡು ಗಂಟೆ ಗಣಿತವನ್ನೇ ಹೇರಿ, ಅದು ಚೆನ್ನಾಗಿ ಮಾಡಬಲ್ಲ ಕೆಲಸವನ್ನು ಕಸಿದುಕೊಳ್ಳುವ ಶಾಲೆಯು ದುರ್ಬಲ ಜಾಗವನ್ನೇ ಹೆರೆಯುವ ಕೈತಿಳಿಯದ ಬಡಗಿಯಂತೆ.

ಬಿಲ್ಲು ಕಾಡಿನವರ ವಸ್ತುವೆಂಬ ತಾತ್ಸಾರವೂ ಸಲ್ಲದು. 1545ರಲ್ಲಿ ಬಿಲ್ವಿದ್ಯೆಯನ್ನು ಕುರಿತು 'ಟಾಕ್ಸೋಫಿಲಸ್' ಎಂಬ ಗ್ರಂಥ ಬರೆದ ರೋಜರ್ ಆಸ್ಕಂ, ಮುಂದೆ ಇಂಗ್ಲೆಂಡಿನ ರಾಣಿಯಾದ ಮೊದಲನೆಯ ಎಲಿಜಬೆತ್ತಳಿಗೆ ಪಾಠ ಹೇಳಿದ ವಿದ್ವಾಂಸ. ಕಾಡಿನವರಾದರೂ ಕಡಿಮೆಯೇನಲ್ಲ. ರಾಜಸ್ಥಾನದ ಬುಡಕಟ್ಟಿನ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದಲೇ ಕಲಿತು, 1992ರ ಬೀಜಿಂಗ್ ಏಷ್ಯನ್ ಚಾಂಪಿಯನ್‌ಷಿಪ್ಪಿನ 30 ಮೀಟರ್ ಸ್ಪರ್ಧೆಯಲ್ಲಿ 358 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು.

ನಾನು ಹೊಸದೇನನ್ನೂ ಹೇಳುತ್ತಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣವೆಂದರು. 1964–66ರ ಕೊಠಾರಿ ಆಯೋಗ ಕಾರ್ಯಾನುಭವವೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರಿಗೆ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿತು. ಹೇಳಿದವರಿಗೆ ಕೊರತೆಯಿಲ್ಲ, ಮಾಡಿಸುವವರಿಗೆ ಕೊರತೆ.

ಕತ್ತಿಯಿಂದ ಅಪಾಯವೆನ್ನುವಿರಾ? ಶಿಕ್ಷಕರು ಜೊತೆಗಿರಲಿ, ಬಾಣದ ತುದಿ ಮೊಂಡಾಗಿರಲಿ. ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರು. ವಾರಕ್ಕೊಮ್ಮೆ ಎರಡು ಅವಧಿಗಳನ್ನು ಜೋಡಿಸಿ ಕೈಕೆಲಸಕ್ಕೆ ಬಿಟ್ಟುಕೊಡಿರಿ. ಬಿದಿರು ಬಲ್ಲ ಮೇದಾರರೊಬ್ಬರನ್ನು ಗೌರವಧನ ಕೊಟ್ಟು ಕರೆಯಿರಿ, ಮಕ್ಕಳೆದುರು ಅವರನ್ನೂ 'ಮೇಷ್ಟ್ರೇ' ಎಂದೇ ಸಂಬೋಧಿಸಿರಿ. ನನ್ನ ವಾದದಲ್ಲಿ ಸೆಟೆದ ಜಾಗ ಕಂಡರೆ ಗುರುತು ಹಾಕಿ ಬರೆಯಿರಿ, ಉತ್ತರಿಸುತ್ತೇನೆ.