ದಿನಚರಿಗೆ ಕೆಂಪು ಪೆನ್ನು ಬೇಡ

ದಿನಚರಿ ಬರೆಯಲು ಹೇಳಿದರೆ ನಮ್ಮ ಮಕ್ಕಳು ಸಾಮಾನ್ಯವಾಗಿ ಬರೆದು ತರುವುದು ಏನು? ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ, ಶಾಲೆಗೆ ಬಂದೆ, ಆಟವಾಡಿದೆ. ನಾವು ಅಧ್ಯಾಪಕರು ಕೂಡಲೇ ಕೆಂಪು ಪೆನ್ನು ಹಿಡಿದು, "ಇಷ್ಟೇನಾ? ವಿಶೇಷ ಏನಾದರೂ ಬರೆ" ಎನ್ನುತ್ತೇವೆ. ಹೀಗೆ ಹೇಳುವುದು ಸರಿಯೇ ಎಂಬ ಸಂಶಯ ನಮಗೆ ಬಂದದ್ದು ಝ್ಲಾಟಾ ಫಿಲಿಪೋವಿಚ್ ಎಂಬ ಹುಡುಗಿಯ ದಿನಚರಿ ಓದಿದ ಮೇಲೆ.

ಝ್ಲಾಟಾ ಬೋಸ್ನಿಯಾದ ಸರಯೇವೊ ನಗರದವಳು. 1991ರ ಸೆಪ್ಟೆಂಬರಿನಲ್ಲಿ ಬರೆಯಲು ಶುರು ಮಾಡಿದಾಗ ಅವಳಿಗೆ ಹತ್ತು ವರ್ಷ. ಆಗ ಅವಳ ಊರಿನಲ್ಲಿ ಯುದ್ಧ ಇರಲಿಲ್ಲ. ಶಾಲೆ, ಪಿಯಾನೊ ಪಾಠ, ಗೆಳತಿಯರು, ಹುಟ್ಟುಹಬ್ಬ, ಟಿ.ವಿ. ಇವನ್ನೇ ಬರೆದಳು. ನಮ್ಮ ಕೈಗೆ ಸಿಕ್ಕಿದ್ದರೆ ಅದಕ್ಕೂ "ವಿಶೇಷ ಏನಿಲ್ಲ" ಎನ್ನುತ್ತಿದ್ದೆವೋ ಏನೋ!

1992ರ ಏಪ್ರಿಲಿನಲ್ಲಿ ನಗರಕ್ಕೆ ಮುತ್ತಿಗೆ ಬಿತ್ತು. ಅದು ಮುಗಿದದ್ದು 1996ರ ಫೆಬ್ರವರಿಯಲ್ಲಿ. ಝ್ಲಾಟಾ ಬರೆಯುವುದನ್ನು ಬಿಡಲಿಲ್ಲ. ಆದರೆ ಅವಳ ಪುಟಗಳಲ್ಲಿ ಸೇನಾಪತಿಗಳ ಕಥೆಗಿಂತ ಮನೆಯ ಕಥೆಯೇ ಹೆಚ್ಚು. ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಶಾಲೆಯಿಲ್ಲ. ಶೆಲ್ ಬೀಳುವಾಗ ನೆಲಮಾಳಿಗೆಗೆ ಓಡಬೇಕು. ಚಳಿಗಾಲಕ್ಕೆ ಸೌದೆ ಬೇಕೆಂದು ಜನ ಪಾರ್ಕಿನ ಮರಗಳನ್ನು ಕಡಿಯುತ್ತಾರೆ. ಸಾಕಿದ ಹಕ್ಕಿ ಸಾಯುತ್ತದೆ. ಪಾರ್ಕಿನಲ್ಲಿ ಶೆಲ್ ಬಿದ್ದು ಬಾಲ್ಯದ ಗೆಳತಿಯೇ ಸಾಯುತ್ತಾಳೆ.

ಮುತ್ತಿಗೆಗೆ ಮುಂಚಿನ ಆ "ವಿಶೇಷವಿಲ್ಲದ" ಪುಟಗಳು ಇರದಿದ್ದರೆ ಈ ಮಗು ಕಳೆದುಕೊಂಡದ್ದು ಏನೆಂದು ನಮಗೆ ತಿಳಿಯುತ್ತಿತ್ತೇ? ಪಿಯಾನೊ ಪಾಠದ ಬಗ್ಗೆ ಬರೆದ ಕಾರಣವೇ ನಿಂತುಹೋದ ಪಾಠದ ನೋವು ಅರ್ಥವಾಗುತ್ತದೆ.

ಅವಳ ಗೆಳತಿಯರಲ್ಲಿ ಸರ್ಬರು, ಕ್ರೋಟರು, ಮುಸ್ಲಿಮರು ಎಲ್ಲರೂ ಇದ್ದರು. ಯಾರು ಯಾವ ಪೈಕಿ ಎಂದು ಮೊದಲು ಅವಳಿಗೆ ಗೊತ್ತೂ ಇರಲಿಲ್ಲ. ಆ ಗುರುತು ಹಚ್ಚಿದವರು ದೊಡ್ಡವರು. ರಾಜಕಾರಣಿಗಳನ್ನು ಅವಳು ದಿನಚರಿಯಲ್ಲಿ "ಮಕ್ಕಳು" ಎಂದೇ ಕರೆದಳು! ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಶಾಲೆಗಳಲ್ಲಿ ಈ ಪುಟವನ್ನು ಓದಿ ಹೇಳಲೇಬೇಕು.

1993ರಲ್ಲಿ ಯುನಿಸೆಫ್ ನೆರವಿನಿಂದ ದಿನಚರಿ ಪ್ರಕಟವಾಯಿತು. ಲೋಕ ಅವಳನ್ನು ಸರಯೇವೊದ ಆನ್ ಫ್ರಾಂಕ್ ಎಂದು ಹೊಗಳಿತು. ಆನ್‌ಗೆ ಬಂದ ಗತಿ ತನಗೂ ಬಂದೀತೇ ಎಂದು ಅವಳು ಹೆದರಿದಳು. ಆ ವರ್ಷದ ಡಿಸೆಂಬರಿನಲ್ಲಿ ಅವಳೂ ತಂದೆತಾಯಿಯೂ ಪ್ಯಾರಿಸ್ ಸೇರಿದರು. ಎಷ್ಟೋ ಮಕ್ಕಳು ಅಲ್ಲೇ ಉಳಿದರು. ಮಗುವಿಗೆ ಬೇಕಾದದ್ದು ಹೊಗಳಿಕೆಯಲ್ಲ, ಬದುಕುವ ಅವಕಾಶ ಎಂಬುದನ್ನು ನಾವು ಮರೆಯಬಾರದು.

ಅಧ್ಯಾಪಕ ಮಿತ್ರರೇ, ರಕ್ಷಕರೇ, ನಮ್ಮದೊಂದು ಕೋರಿಕೆ. ಮಕ್ಕಳ ಕೈಗೆ ಒಂದು ನೋಟುಬುಕ್ಕು ಕೊಡೋಣ. ಅಂಕ ಹಾಕುವುದು ಬೇಡ. ಕಾಗುಣಿತ ತಿದ್ದಲು ಬೇರೆ ಪುಸ್ತಕ ಇದ್ದೇ ಇದೆ. ಮನೆಮಾತಿನ ಶಬ್ದ ಬಂದರೆ ಬರಲಿ. ಕೇಳದೆ ಓದುವುದೂ ಬೇಡ. ಹಲ್ಲುಜ್ಜಿದೆ, ಶಾಲೆಗೆ ಬಂದೆ ಎಂದು ಒಂದು ಮಗು ನಿಶ್ಚಿಂತೆಯಿಂದ ಬರೆಯುತ್ತದೆ ಎಂದರೆ ಆ ಊರಿನಲ್ಲಿ ಶಾಂತಿ ಇದೆ ಎಂದರ್ಥ. ಅದಕ್ಕಿಂತ ವಿಶೇಷ ಇನ್ನೇನು ಬೇಕು?