ಒಂದೇ ಎಣ್ಣೆ, ಎರಡು ನ್ಯಾಯ

ಕೊಡಗಿಗೆ ರೈಲಿಲ್ಲ. ಈ ಜಿಲ್ಲೆಗೆ ಬರುವ ಅಕ್ಕಿ ಮೂಟೆ, ಸಿಮೆಂಟು ಚೀಲ, ಗೊಬ್ಬರ, ಈರುಳ್ಳಿ, ಇಲ್ಲಿಂದ ಹೊರಡುವ ಕಾಫಿ, ಮೆಣಸು, ಶುಂಠಿ ಎಲ್ಲವೂ ಡೀಸೆಲ್ ಎಂಜಿನ್ನಿನ ಬೆನ್ನೇರಿಯೇ ಘಟ್ಟ ಹತ್ತಬೇಕು, ಘಟ್ಟ ಇಳಿಯಬೇಕು. ಕುಶಾಲನಗರದ ಕಾಫಿ ಕಾರ್ಖಾನೆಯ ಕೂಲಿಕಾರನ ಅನ್ನಕ್ಕೂ ಗೋಣಿಕೊಪ್ಪದ ಚಿಲ್ಲರೆ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೂ ಡೀಸೆಲಿಗೂ ಇರುವ ನಂಟು ಇದು. ಈ ಎಣ್ಣೆಯ ಬಲ ಯಾರಿಗೆ ದುಡಿಯುತ್ತಿದೆ, ಅದರ ತೆರಿಗೆಯನ್ನು ಯಾರು ಹೊರುತ್ತಿದ್ದಾರೆ ಎಂದು ಕೇಳುವ ಹಕ್ಕು ನಮಗಿದೆ. ಕೇಳುತ್ತೇವೆ.

ಮೊದಲು ಎಂಜಿನ್ನಿನ ಗುಣವನ್ನು ನೋಡೋಣ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಸಿಲಿಂಡರಿನಲ್ಲಿ ಹದಿನಾರನೆಯ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ. ಅದರೊಳಗೆ ಎಣ್ಣೆ ಚಿಮ್ಮಿಸಿದ ಕ್ಷಣವೇ ಹೊತ್ತಿಕೊಳ್ಳುತ್ತದೆ. ಇಷ್ಟು ಒತ್ತಡ ತಾಳಬೇಕಾದ್ದರಿಂದ ಎಂಜಿನ್ನು ಗಟ್ಟಿ, ಭಾರ. ಆದರೆ ಅದೇ ಒತ್ತಡದಿಂದ ಎಣ್ಣೆಯ ಶಕ್ತಿ ಪೆಟ್ರೋಲ್ ಎಂಜಿನ್ನಿಗಿಂತ ಹೆಚ್ಚು ಕೈಗೆ ಬರುತ್ತದೆ. ನಿಧಾನವಾಗಿ ತಿರುಗುವಾಗಲೇ ಪೂರಾ ಎಳೆತ ಕೊಡುವುದು ಇದರ ಹಿರಿಯ ಗುಣ. ಸಂಪಾಜೆ ಘಟ್ಟದ ತಿರುವುಗಳಲ್ಲಿ ಭರ್ತಿ ಲಾರಿ ಸೆಕೆಂಡ್ ಗೇರಿನಲ್ಲಿ ನಿಲ್ಲದೆ ಏರುವುದು ಈ ಗುಣದಿಂದ. ಭಾರ ಎಳೆಯಲೆಂದೇ ಹುಟ್ಟಿದ ಎಂಜಿನ್ನು ಇದು.

ಇನ್ನು ಎರಡು ವಾಹನಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡೋಣ. ನಮ್ಮ ಪೇಟೆಗಳಿಗೆ ಸಾಮಾನು ತರುವ ಟಾಟಾ 407 ರಸ್ತೆಗಿಳಿದದ್ದು 1986ರಲ್ಲಿ. ಅದರ ಈಚಿನ ಎಂಜಿನ್ನಿನದು ಸುಮಾರು 100 ಅಶ್ವಶಕ್ತಿ, ಎಳೆತ 300 ನ್ಯೂಟನ್ ಮೀಟರ್. ಅಷ್ಟರಲ್ಲಿ ಅದು ಸರಕೂ ಸೇರಿ ನಾಲ್ಕೂವರೆ ಟನ್ನಿನಷ್ಟು ಭಾರವನ್ನು ಮಡಿಕೇರಿಗೆ ಏರಿಸುತ್ತದೆ. ಶನಿವಾರ ಬಂತೆಂದರೆ ರಾಜಾಸೀಟಿನ ಸುತ್ತ ಸಾಲುಗಟ್ಟುವ ದೊಡ್ಡ ಕಾರುಗಳಲ್ಲೊಂದಾದ ಫಾರ್ಚುನರಿನ 2.8 ಲೀಟರ್ ಡೀಸೆಲ್ ಎಂಜಿನ್ನಿನದು 204 ಅಶ್ವಶಕ್ತಿ. ಸ್ವಯಂಚಾಲಿತ ಗೇರಿನದಾದರೆ ಎಳೆತ 500 ನ್ಯೂಟನ್ ಮೀಟರ್. ಲಾರಿಯ ಎರಡರಷ್ಟು ಶಕ್ತಿ! ಅದು ಎಳೆಯುವ ಹೊರೆ ಏನು? ತನ್ನದೇ ಎರಡು ಟನ್ನು ಮೈ, ಒಳಗೆ ಇಬ್ಬರೋ ಮೂವರೋ. ಎಂಜಿನ್ನಿನ ದೃಷ್ಟಿಯಿಂದ ಅದು ಅದ್ಭುತ ಯಂತ್ರವೇ. ಘಟ್ಟವೆಂಬುದೇ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗದಿರಲೆಂದೇ ನಾಲ್ವರ ಶಕ್ತಿಯನ್ನು ಒಬ್ಬನಿಗಾಗಿ ಉರಿಸಲಾಗುತ್ತಿದೆ.

ತೋಟಕ್ಕೆ ಗೊಬ್ಬರ ಹೊರುವ ಜೀಪಿನ ಮೇಲೆ ನಮಗೆ ಸಿಟ್ಟಿಲ್ಲ. ಪ್ರವಾಸಿಗರನ್ನು ಮಾಂದಲ್‌ಪಟ್ಟಿಗೆ ಹತ್ತಿಸಿ ಹೊಟ್ಟೆ ಹೊರೆಯುವ ಜೀಪ್ ಚಾಲಕನ ಮೇಲಂತೂ ಇಲ್ಲವೇ ಇಲ್ಲ. ನಮ್ಮ ತಕರಾರು ಸರಕಾರದ ತಕ್ಕಡಿಯ ಮೇಲೆ.

ಆ ತಕ್ಕಡಿ ಹೇಗೆ ತೂಗುತ್ತದೆ? ರಾಜ್ಯ ಸರಕಾರ ಡೀಸೆಲಿನ ಮಾರಾಟ ತೆರಿಗೆಯನ್ನು 2024ರ ಜೂನಿನಲ್ಲಿ ಶೇಕಡಾ 14.34ರಿಂದ 18.44ಕ್ಕೂ, 2025ರ ಏಪ್ರಿಲ್ 1ರಂದು 21.17ಕ್ಕೂ ಏರಿಸಿತು. ಎರಡೂ ಸೇರಿ ಲೀಟರಿಗೆ ಐದು ರೂಪಾಯಿಗೂ ಹೆಚ್ಚು. ಭರ್ತಿ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುತ್ತದೆಂದು ಹಿಡಿದರೆ ಮೈಸೂರಿನಿಂದ ಮಡಿಕೇರಿಗೆ ಮೂವತ್ತು ಲೀಟರ್ ಬೇಕು. ಒಂದು ಸಾರಿಗೆ ನೂರೈವತ್ತು ರೂಪಾಯಿ ಹೊಸ ಹೊರೆ. ಲಾರಿಯವನು ಅದನ್ನು ಬಾಡಿಗೆಗೆ ಸೇರಿಸುತ್ತಾನೆ, ವ್ಯಾಪಾರಿ ಬೇಳೆಗೆ ಸೇರಿಸುತ್ತಾನೆ. ಕಡೆಗೆ ಅದು ಬಂದು ಕೂರುವುದು ಕೂಲಿಕಾರನ ತಲೆಯ ಮೇಲೆ, ಏಕೆಂದರೆ ಅವನು ಅದನ್ನು ಸೇರಿಸಲು ಮುಂದೆ ಯಾರೂ ಇಲ್ಲ. 2025ರ ಏಪ್ರಿಲಿನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ಸುಮ್ಮನೆ ಅಲ್ಲ.

ಅದೇ ವರ್ಷ ಸೆಪ್ಟೆಂಬರ್ 22ರಂದು ದಿಲ್ಲಿ ಸರಕಾರ ಏನು ಮಾಡಿತು? ದೊಡ್ಡ ಕಾರುಗಳ ಮೇಲೆ ಜಿ.ಎಸ್.ಟಿ.ಯೂ ಸೆಸ್ಸೂ ಸೇರಿ ಶೇಕಡಾ 50ರಷ್ಟಿದ್ದ ತೆರಿಗೆಯನ್ನು 40ಕ್ಕೆ ಇಳಿಸಿತು. ತೆರಿಗೆಗೆ ಮುಂಚೆ 25 ಲಕ್ಷ ಬೆಲೆಯ ಕಾರು ಕೊಳ್ಳುವವನಿಗೆ ಎರಡೂವರೆ ಲಕ್ಷದ ಉಡುಗೊರೆ! ಕಾರ್ಖಾನೆಯ ಕೂಲಿಕಾರ ಎಷ್ಟು ತಿಂಗಳು ಬೆವರು ಸುರಿಸಿದರೆ ಅಷ್ಟಾದೀತು, ಓದುಗರೇ ಲೆಕ್ಕ ಹಾಕಲಿ. ಲಾರಿಯ ಮೇಲಿನ ತೆರಿಗೆಯೂ 28ರಿಂದ 18ಕ್ಕೆ ಇಳಿಯಿತಲ್ಲ ಎನ್ನುವವರಿದ್ದಾರೆ. ಇಳಿಯಿತು, ಒಪ್ಪುತ್ತೇವೆ. ಆದರೆ ಲಾರಿ ಕೊಳ್ಳುವುದು ಹತ್ತು ವರ್ಷಕ್ಕೊಮ್ಮೆ. ಡೀಸೆಲ್ ಕೊಳ್ಳುವುದು ದಿನವೂ.

ಈ ಪಕ್ಷಪಾತ ಇಂದಿನದಲ್ಲ. ಸರಕಾರವೇ ನೇಮಿಸಿದ್ದ ಕಿರೀಟ್ ಪಾರೀಖ್ ಸಮಿತಿ ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿ ಹೆಚ್ಚುವರಿ ಸುಂಕ ಹಾಕಿರೆಂದು 2010ರಲ್ಲಿ ಹೇಳಿತು. ಆ ಸಲಹೆ ಮೂಲೆ ಸೇರಿತು. 2013ರ ಜನವರಿಯಲ್ಲಿ ಸಗಟು ಕೊಳ್ಳುವವರಿಗೆ ಡೀಸೆಲಿನ ಸಹಾಯಧನ ನಿಂತಿತು. ಸಗಟು ಕೊಳ್ಳುವವರೆಂದರೆ ಯಾರು? ರೈಲ್ವೆ, ಸರಕಾರಿ ಬಸ್ಸುಗಳು. ಪಂಪಿನಲ್ಲಿ ತುಂಬಿಸಿಕೊಳ್ಳುವ ಭಾರಿ ಕಾರಿಗೆ ಸಹಾಯಧನದ ಎಣ್ಣೆ, ಐವತ್ತು ಜನರನ್ನು ಹೊತ್ತ ಬಸ್ಸಿಗೆ ಪೂರಾ ಬೆಲೆಯ ಎಣ್ಣೆ! 2014ರ ಅಕ್ಟೋಬರಿನಲ್ಲಿ ಸಹಾಯಧನವೇ ಎಲ್ಲರಿಗೂ ಹೋಯಿತು. ಪಕ್ಷಪಾತ ಮಾತ್ರ ಬೇರೆ ವೇಷದಲ್ಲಿ ಉಳಿಯಿತು. 2025ರ ಜನವರಿಯಲ್ಲಿ ಸರಕಾರಿ ಬಸ್ಸಿನ ದರ ಶೇಕಡಾ 15ರಷ್ಟು ಏರಿದಾಗ ಕೊಟ್ಟ ಕಾರಣಗಳಲ್ಲಿ ಡೀಸೆಲಿನ ಬೆಲೆಯೂ ಒಂದು. ಸಾಕಷ್ಟು ಬಸ್ಸಿಲ್ಲದ ಕಡೆ ತೋಟದ ಆಳುಗಳು ಪಿಕಪ್ಪಿನ ಹಿಂಬದಿಯಲ್ಲಿ ಕುರಿಗಳಂತೆ ನಿಂತು ಕೆಲಸಕ್ಕೆ ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಪಿಕಪ್ಪೂ ಕುಡಿಯುವುದು ಅದೇ ಡೀಸೆಲ್, ಕಟ್ಟುವುದೂ ಅದೇ ತೆರಿಗೆ.

“ಬಡವರ ಎಣ್ಣೆ, ಶ್ರೀಮಂತರ ಎಣ್ಣೆ ಎಂದು ಪಂಪಿನಲ್ಲಿ ಬೇರೆ ಮಾಡಲಾಗುತ್ತದೆಯೇ?” ಎಂದು ಅಧಿಕಾರಿಗಳು ಕೇಳುತ್ತಾರೆ. ಆಗದು, ಎರಡು ಬೆಲೆ ಇಟ್ಟರೆ ಕಳ್ಳಸಂತೆ ಹುಟ್ಟುತ್ತದೆ. ಎಣ್ಣೆಗೆ ಹೆಸರು ಬರೆಯಲಾಗದು, ವಾಹನಕ್ಕೆ ನೋಂದಣಿ ಇದೆಯಲ್ಲ! 20 ಲಕ್ಷ ಮೀರಿದ ಕಾರಿಗೆ ರಾಜ್ಯದಲ್ಲಿ ಜೀವಾವಧಿ ತೆರಿಗೆ ಶೇಕಡಾ 18 ಇದೆ. ಒಮ್ಮೆ ಕಟ್ಟಿದರೆ ಮುಗಿಯಿತು. ಆಮೇಲೆ ಆ ಕಾರು ವರ್ಷಗಟ್ಟಲೆ ಎಷ್ಟು ಎಣ್ಣೆ ಕುಡಿದರೂ ಲಾರಿಗಿಂತ ಲೀಟರಿಗೆ ಒಂದು ಕಾಸು ಹೆಚ್ಚು ಕೊಡುವುದಿಲ್ಲ. ಎರಡು ಟನ್ನಿನ ಖಾಸಗಿ ಡೀಸೆಲ್ ಕಾರಿಗೆ ಅದರ ತೂಕವನ್ನೂ ಎಂಜಿನ್ನಿನ ಗಾತ್ರವನ್ನೂ ನೋಡಿ ವರ್ಷವರ್ಷವೂ ತೆರಿಗೆ ಹಾಕಲಿ. ಆ ಹಣದಿಂದ ಸರಕು ಲಾರಿಗೂ ಬಸ್ಸಿಗೂ ಡೀಸೆಲ್ ತೆರಿಗೆಯ ಒಂದು ಪಾಲನ್ನು ಹಿಂದಕ್ಕೆ ಕೊಡಲಿ, ಘಟ್ಟದ ರಸ್ತೆ ಭದ್ರಪಡಿಸಲಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಕಡಿದುಹೋದಾಗ ಎಷ್ಟೇ ಅಶ್ವಶಕ್ತಿಯ ಎಂಜಿನ್ನೂ ಉಪಯೋಗಕ್ಕೆ ಬರಲಿಲ್ಲ. ಹಾಗೆಯೇ ಮಿತಿಮೀರಿ ಹೇರಿ ರಸ್ತೆ ಮುರಿಯುವ ಲಾರಿಗಳನ್ನೂ ತಡೆಯಲಿ. ಆದರೆ ಸಿಕ್ಕಿಬಿದ್ದ ಚಾಲಕನನ್ನು ಹಿಡಿದು ಹೇರಿಸಿದ ಧಣಿಯನ್ನು ಬಿಡುವುದು ಬೇಡ.

ಈ ಎಂಜಿನ್ನನ್ನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದವನು ರುಡಾಲ್ಫ್ ಡೀಸೆಲ್. ಉಗಿಯಂತ್ರವಿದ್ದ ದೊಡ್ಡ ಕಾರ್ಖಾನೆಗಳ ಮುಂದೆ ಸೋಲುತ್ತಿದ್ದ ಸಣ್ಣ ಕಸುಬುದಾರನಿಗೆ ಅಗ್ಗದ ಶಕ್ತಿ ಸಿಗಲೆಂಬುದು ಅವನ ಆಸೆಯಾಗಿತ್ತು. 1903ರಲ್ಲಿ ದುಡಿಯುವವರ ಸಹಕಾರದ ಮೇಲೆ ‘ಸಾಲಿಡಾರಿಸ್ಮುಸ್’ ಎಂಬ ಪುಸ್ತಕವನ್ನೇ ಬರೆದ. ಎಂಜಿನ್ನನ್ನು ಲೋಕ ಕೊಂಡಿತು, ಪುಸ್ತಕವನ್ನು ಕೊಳ್ಳಲಿಲ್ಲ.

ಕೊಡಗಿನ ಕಾರ್ಮಿಕ ಬಂಧುಗಳೇ, ಸಣ್ಣ ವ್ಯಾಪಾರಿಗಳೇ, ಬೇಳೆಯ ಬೆಲೆ ಏರಿದಾಗ ನೀವು ಒಬ್ಬರನ್ನೊಬ್ಬರು ಬಯ್ದುಕೊಳ್ಳುತ್ತೀರಿ. ಬಯ್ಯಬೇಕಾದ್ದು ಮೂಟೆ ಹೊತ್ತ ಲಾರಿಯನ್ನೂ ಮೋಜಿನ ಕಾರನ್ನೂ ಒಂದೇ ಎಂದು ತೂಗುವ ತಕ್ಕಡಿಯನ್ನು. ಮತ ಕೇಳಲು ಬರುವವರು ದೊಡ್ಡ ಕಾರಿನಲ್ಲೇ ಬರುತ್ತಾರೆ. ಇಳಿಯಲು ಬಿಡಿ, ಇಳಿದ ಮೇಲೆ ಈ ಲೆಕ್ಕ ಕೇಳಿ.