ಎಂಜಿನ್ನಿಗೆ ಎಂಥ ಚಿಪ್ಪು ಬೇಕು?

ತಾಂಡ್ಯ ಕೈಗಾರಿಕಾ ಪ್ರದೇಶಕ್ಕೆ ಬೆಳಗಿನ ಪಾಳಿಗೆ ಹೊರಡುವ ಬೈಕು, ಕಾರುಗಳನ್ನು ನೋಡಿದ್ದೀರಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲೂ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಪೆಟ್ರೋಲ್ ಎಷ್ಟು ಬಿಡಬೇಕು, ಕಿಡಿ ಯಾವಾಗ ಹಾರಬೇಕು ಅನ್ನೋದನ್ನು ಈಗ ಇಸಿಯು ಎಂಬ ಪುಟ್ಟ ಪೆಟ್ಟಿಗೆಯೊಳಗಿನ ಮೈಕ್ರೋಕಂಟ್ರೋಲರ್ ತೀರ್ಮಾನಿಸುತ್ತೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್ ಅನ್ನೋ ಕಾರಣಕ್ಕೆ ಊರಿಗೆ ಹೋದಾಗ ಚಿಕ್ಕಪ್ಪ ಕೇಳ್ತಾರೆ: "ಅಲ್ಲ ಕಣ್ ಮಗ, ಹತ್ತು ಸಾವಿರದ ಮೊಬೈಲ್‌ನಲ್ಲೇ ಅಷ್ಟು ಜೋರಾದ ಚಿಪ್ಪಿರ್ತದೆ. ಅದನ್ನೇ ಕಾರಿಗೂ ಹಾಕುದ್ರೆ ಆಗಕಿಲ್ವಾ?"

ಒಂದು ಲೆಕ್ಕ ಮಾಡೋಣ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ 10 ಮಿಲಿಸೆಕೆಂಡ್. ಅಂದರೆ ಒಂದು ಮಿಲಿಸೆಕೆಂಡ್ ತಡವಾದರೂ ಕ್ರ್ಯಾಂಕ್ ಶಾಫ್ಟ್ 36 ಡಿಗ್ರಿ ಮುಂದೆ ಹೋಗಿರುತ್ತೆ! ಮೊಬೈಲ್‌ನಲ್ಲಿ ಅಷ್ಟು ತಡವಾದರೆ ನಮಗೆ ಗೊತ್ತೇ ಆಗಲ್ಲ. ಎಂಜಿನ್ನಿಗೆ ಹಾಗಲ್ಲ, ಕಿಡಿಯ ಹೊತ್ತು ತಪ್ಪಿಹೋಗುತ್ತೆ. ಆದ್ದರಿಂದ ಇಲ್ಲಿ ವೇಗಕ್ಕಿಂತ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸೋದು ಮುಖ್ಯ. ಅದಕ್ಕೇ ಈ ಚಿಪ್ಪುಗಳಲ್ಲಿ ಕಿಡಿ, ಇಂಜೆಕ್ಟರ್‌ಗಳ ಹೊತ್ತು ನೋಡಿಕೊಳ್ಳಲು ಪ್ರತ್ಯೇಕ ಟೈಮರ್‌ಗಳಿರುತ್ತವೆ.

ಎರಡನೆಯದು ಬಿಸಿ. ಬಿಸಿಲಲ್ಲಿಟ್ಟ ಮೊಬೈಲ್ ಕಾದು ಆಫ್ ಆದರೆ ಸ್ವಲ್ಪ ಹೊತ್ತು ಕಾಯಬಹುದು. ಬೆಟ್ಟ ಹತ್ತುವಾಗ ಎಂಜಿನ್ ಹಾಗೆ ಆಫ್ ಆಗೋ ಹಾಗಿಲ್ಲ. ವಾಹನದ ಚಿಪ್ಪುಗಳಿಗೆ ಎಇಸಿ-ಕ್ಯೂ100 ಎಂಬ ಪರೀಕ್ಷೆ ಇದೆ. ಅದರಲ್ಲಿ ಗ್ರೇಡ್ 1 ಅಂದರೆ ಮೈನಸ್ 40ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡಬೇಕು. ಜತೆಗೆ, ಕೆಲವು ಚಿಪ್ಪುಗಳಲ್ಲಿ ಎರಡು ಕೋರ್‌ಗಳು ಒಂದೇ ಲೆಕ್ಕವನ್ನು ಮಾಡಿ ತಾಳೆ ನೋಡುತ್ತವೆ. ಉತ್ತರ ಹೊಂದದಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ.

ಮೂರನೆಯದು ಆಯುಷ್ಯ. ಮೊಬೈಲ್ ಮೂರು ನಾಲ್ಕು ವರ್ಷಕ್ಕೆ ಹಳೆಯದು. ಗಾಡಿ ಹದಿನೈದು ವರ್ಷ ಓಡಬೇಕು, ಅಲ್ಲಿಯವರೆಗೂ ಬಿಡಿಭಾಗ ಸಿಗಬೇಕು. ಸರ್ಕ್ಯೂಟ್ ಬೋರ್ಡ್ ತಯಾರಿಸುವ ಎಟಿ ಅಂಡ್ ಎಸ್ ಕಾರ್ಖಾನೆ ನಮ್ಮ ನಂಜನಗೂಡಿನಲ್ಲೇ ಇದೆ. ಆದರೆ ಅಂಥ ಬೋರ್ಡಿನ ಮೇಲೆ ಕೂರುವ ಮೈಕ್ರೋಕಂಟ್ರೋಲರ್‌ಗಳು ಹೆಚ್ಚಾಗಿ ಇನ್ಫಿನಿಯಾನ್, ಎನ್‌ಎಕ್ಸ್‌ಪಿ, ರೆನೆಸಾಸ್‌ನಂಥ ವಿದೇಶಿ ಕಂಪನಿಗಳವು. 2021ರಲ್ಲಿ ಚಿಪ್ಪುಗಳ ಕೊರತೆಯಾದಾಗ ನಮ್ಮ ಕಾರು ಕಂಪನಿಗಳೂ ಉತ್ಪಾದನೆ ಕಡಿಮೆ ಮಾಡಬೇಕಾಯಿತು. ಒಂದು ಸಿಗದಿದ್ದರೆ ಇನ್ನೊಂದು ಚಿಪ್ಪು ಹಾಕೋಣ ಅಂದರೆ ಸಾಫ್ಟ್‌ವೇರ್ ಬದಲಿಸಿ, ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಬೇಕು. ಆದ್ದರಿಂದ ಆರಿಸುವಾಗ ಬೆಲೆಯ ಜತೆಗೆ "ಎಷ್ಟು ವರ್ಷ ಪೂರೈಸ್ತೀರಿ?" ಅಂತಲೂ ಕೇಳುತ್ತಾರೆ.

ಇಷ್ಟು ಅಳೆದು ತೂಗಿ ಆರಿಸಿದ ಚಿಪ್ಪು ಸುಮ್ಮಸುಮ್ಮನೆ ಕೆಡಲ್ಲ. ಎಂಜಿನ್ ದೀಪ ಹತ್ತಿದ ಕೂಡಲೇ ಯಾರಾದರೂ "ಇಸಿಯು ಹೋಗಿದೆ, ಹೊಸದು ಹಾಕಿಸಿ" ಅಂದರೆ ತಕ್ಷಣ ದುಡ್ಡು ಎಣಿಸಬೇಡಿ. ಮೊದಲು ಸ್ಕ್ಯಾನರ್ ಹಾಕಿಸಿ, ಯಾವ ಕೋಡ್ ಬಂತು ಅಂತ ಕೇಳಿ. ಬ್ಯಾಟರಿ, ಫ್ಯೂಸ್, ಅರ್ತ್ ವೈರ್, ನೀರು ಹೊಕ್ಕ ಕನೆಕ್ಟರ್, ಸೆನ್ಸರ್ ಇವನ್ನೆಲ್ಲ ನೋಡಿಸಿ. ಇಸಿಯು ಮೇಲೆ ಅನುಮಾನ ಪಡುವುದು ಕಟ್ಟಕಡೆಗೆ.